ಬೇಚರಾಕ್ ಊರಿನ ಅಳತೆ

ಎರೆಮಟ್ಟಿ ಎಂಬ ಊರಿದೆ ಎಂದರೆ ಹಡಗಲಿ ಬಸ್ ಸ್ಟ್ಯಾಂಡಿನಲ್ಲಿ ಅರ್ಧ ಜನ ನಂಬುವುದಿಲ್ಲ. ಇಟ್ಟಿಗಿ ದಾಟಿ ಡಾಂಬರು ರಸ್ತೆ ಬಿಡಬೇಕು. ಕರಿಮಣ್ಣಿನ ಎರೆಹೊಲಗಳ ನಡುವಿನ ಬಂಡಿದಾರಿ ಹಿಡಿದು, ಒಂದು ಹಳ್ಳ ಇಳಿದು ಹತ್ತಿದರೆ ಸಿಗುವ ದಿಬ್ಬವೇ ಅದು. ದಿಬ್ಬದ ಮೇಲೆ ಕಲ್ಲುಮಣ್ಣಿನ ಒಂಬತ್ತು ಮನೆ, ಒಂದು ಬೇವಿನ ಮರ, ಮುಳ್ಳು ಬಿಗಿದ ಕುರಿದೊಡ್ಡಿಗಳು. ಕರೆಂಟಿನ ಕಂಬಗಳು ಹಳ್ಳದ ಆಚೆ ದಡದಲ್ಲೇ ನಿಂತುಬಿಟ್ಟಿವೆ. ಕಂದಾಯದ ಪಟ್ಟಿಯಲ್ಲಿ ಈ ಊರಿನ ಹೆಸರಿನ ಮುಂದೆ ಇರುವುದು ಒಂದೇ ಪದ, ಬೇಚರಾಕ್. ಜನ ವಾಸವಿಲ್ಲದ ಊರಿಗೆ ಹಾಗನ್ನುತ್ತಾರೆ.

ನಾನು ಹರಪನಹಳ್ಳಿಯವನು. ಕುಡಿಯುವ ನೀರಿನ ಪೈಪು ಹಾಕುವ ಗುತ್ತಿಗೆದಾರರ ಕೈಕೆಳಗೆ ಮಟ್ಟ ನೋಡುವುದು ನನ್ನ ಕೆಲಸ. ಮೂರು ಕಾಲಿನ ಮೇಲೆ ಲೆವೆಲ್ ಯಂತ್ರ ನಿಲ್ಲಿಸಿ, ದೂರದಲ್ಲಿ ಹಿಡಿದ ಅಳತೆ ಕೋಲನ್ನು ಅದರ ಕಣ್ಣಿನಿಂದ ಓದಿ, ಯಾವ ನೆಲ ಎತ್ತರ, ಯಾವುದು ತಗ್ಗು ಎಂದು ಹೇಳುವುದು. ನೀರು ಎಲ್ಲಿ ತಾನಾಗಿ ಹರಿಯುತ್ತದೆ, ಎಲ್ಲಿ ಪಂಪು ಬೇಕು ಎಂಬುದು ಇದರಿಂದ ತಿಳಿಯುತ್ತದೆ. ಈ ಕೆಲಸಕ್ಕೆ ಇಬ್ಬರು ಬೇಕು, ಒಬ್ಬ ನೋಡಲು, ಇನ್ನೊಬ್ಬ ಕೋಲು ಹಿಡಿಯಲು. ನನ್ನ ಕೋಲಿನವನು ಬೀಗರ ಮನೆಯ ತೊಟ್ಟಿಲು ಕಾರ್ಯ ಅಂತ ಹಿಂದಿನ ದಿನವೇ ಕೈಯೆತ್ತಿದ್ದ. ನಾನೊಬ್ಬನೇ ಹೋಗಲು ಹಿಂಜರಿದಾಗ ಇಂಜಿನಿಯರ್ ಫೋನಿನಲ್ಲಿ ನಕ್ಕರು.

"ಅಲ್ಲಿ ಅಳೆಯೋದೇನೈತಪ್ಪಾ? ಬೇಚರಾಕ್ ಊರು. ಬೀಗ ಹಾಕಿರೋ ಮನೆಗಳ ಫೋಟೊ ತಗೊ, ಯಾರೂ ಇಲ್ಲ ಅಂತ ಬರಿ, ಬಾ. ಆ ಕವಲು ಪೈಪು ಕೈಬಿಡೋದೇ."

ಎತ್ತರದ ಟ್ಯಾಂಕಿನಿಂದ ಹೊರಟ ದೊಡ್ಡ ಪೈಪು ಡಾಂಬರು ರಸ್ತೆಯ ಬದಿಯಲ್ಲಿ ಮುಂದಿನ ಊರಿಗೆ ಹೋಗುತ್ತಿತ್ತು. ಎರೆಮಟ್ಟಿಗೆ ಅದರಿಂದ ಒಂದು ಕವಲು ತೆಗೆಯಬೇಕೋ ಬೇಡವೋ ಎಂಬುದಷ್ಟೇ ಪ್ರಶ್ನೆ. ಬೆಳಿಗ್ಗೆ ಹೋಗಿ ಮಧ್ಯಾಹ್ನದೊಳಗೆ ವಾಪಸಾಗಿ, ಕೊಟ್ಟೂರಿನಲ್ಲಿ ಮಿರ್ಚಿ ಮಂಡಕ್ಕಿ ತಿಂದು ಮನೆ ಸೇರುವುದು ನನ್ನ ಲೆಕ್ಕವಾಗಿತ್ತು. ಮನೆ ಅಂದರೆ, ಅಮ್ಮ ತೀರಿಕೊಂಡ ಮೇಲೆ ನಾನು ಬೀಗ ತೆಗೆದು, ನಾನೇ ಬೀಗ ಹಾಕುವ ಎರಡು ಕೋಣೆ.

ಹೇಳಿದಂತೆಯೇ ಮನೆಗಳಿಗೆಲ್ಲ ಬೀಗ ಬಿದ್ದಿತ್ತು. ದೊಡ್ಡಿಗಳು ಖಾಲಿ. ಗಾಳಿ ಬಿಟ್ಟರೆ ಸದ್ದಿಲ್ಲ. ನಾಲ್ಕು ಫೋಟೊ ತೆಗೆದು ಐದನೆಯದಕ್ಕೆ ಫೋನು ಎತ್ತಿದ್ದೆ, ಹಿಂದಿನಿಂದ ದನಿ ಬಂತು.

"ಯಾರ್ರಿ ಅದು? ಬೀಗದ ಫೋಟೊ ಯಾಕ ತಗೀತೀರಿ?"

ನಲವತ್ತರ ಆಚೀಚಿನ ಹೆಂಗಸು. ತಲೆಯ ಮೇಲೆ ಕಟ್ಟಿಗೆ ಹೊರೆ, ಸೊಂಟದಲ್ಲಿ ಬೀಗದ ಕೈಗಳ ದೊಡ್ಡ ಗೊಂಚಲು. ಹಿಂದೊಂದು ನಾಯಿ. ನಾಯಿ ಬೊಗಳಲೂ ಇಲ್ಲ, ಮನುಷ್ಯರನ್ನು ನೋಡಿದ ಖುಷಿಗೆ ನನ್ನ ಬೂಟು ಮೂಸುತ್ತಾ ನಿಂತಿತು.

"ನೀರಿನ ಪೈಪಿನ ಕಡೆಯಿಂದ ಬಂದೀನಿ ಅಕ್ಕಾ" ಎಂದೆ.

ಹೊರೆಯನ್ನು ಧೊಪ್ಪನೆ ಕೆಳಗೆ ಹಾಕಿದಳು. "ಪೈಪು ಬರ್ತೈತೇನ್ರಿ?"

ಪೈಪು ಬರುವುದಿಲ್ಲ ಎಂದು ಬರೆಯಲು ಬಂದವನು ಏನಂತ ಹೇಳಲಿ? "ಅಳತೆ ನೋಡಬೇಕು" ಎಂದು ತೇಲಿಸಿದೆ.

ಅಷ್ಟಕ್ಕೇ ಅವಳ ಮುಖ ಅರಳಿತು. ಬೋರಿನ ಕೈಪಂಪಿನಿಂದ ಒಂದು ಚೆಂಬು ನೀರು ತಂದು ಕೊಟ್ಟಳು. ಬಾಯಿಗೆ ಹಾಕಿದೆ, ಸವಳು. ನುಂಗಲೂ ಆಗದೆ ಉಗುಳಲೂ ಆಗದೆ ನಿಂತ ನನ್ನನ್ನು ನೋಡಿ ನಕ್ಕಳು. "ನುಂಗ್ರಿ ಸಾಬ್ರ, ಸಾಯಂಗಿಲ್ಲ. ನಾವು ಇದನ್ನ ಕುಡುದು ಇಷ್ಟು ದಿನ ಅದೀವಿ."

ಊರಿನವರೆಲ್ಲ ಕುರಿ ಹೊಡೆದುಕೊಂಡು ನೀರಾವರಿ ಸೀಮೆಗೆ ಹೋಗಿದ್ದರು. ಭತ್ತ ಕೊಯ್ದ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಮಂದೆ ತರುಬಿ ನಿಲ್ಲಿಸಲು ಪ್ರತಿ ವರ್ಷ ಹೋಗುತ್ತಾರೆ, ಮುಂಗಾರಿನ ಹೊತ್ತಿಗೆ ತಿರುಗಿ ಬರುತ್ತಾರೆ. ಒಬ್ಬರು ಮಾತ್ರ ಊರಲ್ಲಿ ಉಳಿಯಬೇಕು. ಮೊದಲು ಅದು ಸರದಿಯ ಮೇಲಿತ್ತಂತೆ. ಇವಳ ಗಂಡ ತೀರಿಹೋದ, ಆಮೇಲೆ ನೀಲಿ ನಾಲಿಗೆ ರೋಗ ಬಂದು ಕುರಿಗಳೂ ಹೋದವು. ಅಂದಿನಿಂದ ಸರದಿ ತಪ್ಪಿ ಇವಳೊಬ್ಬಳ ಪಾಲಾಯಿತು.

"ಕುರಿ ಇಲ್ದಾಕಿ ನಾನು. ಗದ್ದಿ ಸೀಮಿಗೆ ಹೋಗಿ ಏನು ಮಾಡ್ಲಿ?" ಎಂದಳು. "ಆದ್ರ ಈ ಸಲ ಹೋಗೂವಾಗ ನಮ್ಮಣ್ಣ ಒಂದು ಮಾತು ಹೇಳಿ ಹೋಗ್ಯಾನ. ಬರೋ ವರ್ಷದೊಳಗ ನೀರು ಬರ್ಲಿಲ್ಲಂದ್ರ ನಾವು ಅತ್ತಾಗೇ ಇರ್ತೀವಿ, ಗದ್ದಿ ಸಾವ್ಕಾರ ಜಾಗ ಕೊಡ್ತಾನ ಅಂತ. ಅಣ್ಣ ಹ್ವಾದ ಅಂದ್ರ ಉಳಿದೋರೂ ಹೊಂಟ್ರು ಅಂತ ತಿಳೀರಿ. ಹಿರಿಯ ಅವನೇ."

"ನೀವೂ ಅವರ ಕೂಡ ಹೋಗಬಹುದಲ್ಲಾ?"

"ಅಣ್ಣನ ಮನಿಗೆ ಎಷ್ಟು ದಿನ್ರಿ? ಇಲ್ಲಾದ್ರ ನಂದೊಂದು ಬಾಗ್ಲ ಐತಿ."

ಮಾತಾಡುತ್ತಿರುವಾಗಲೇ ಮೋಡ ಕವಿದು ಮಳೆ ಸುರಿಯಿತು. ಚಳಿಗಾಲದ ಆ ತಿಂಗಳಲ್ಲಿ ಮಳೆ ಬರುವುದೇ ಇಲ್ಲ, ಸಮುದ್ರದ ಕಡೆ ಚಂಡಮಾರುತ ಎದ್ದಿತ್ತಂತೆ. ಗಾಡಿ ಹತ್ತಿ ಹಳ್ಳದ ತನಕ ಹೋಗುವಷ್ಟರಲ್ಲಿ ಎರೆಮಣ್ಣು ಗಾಲಿಗೆ ಮೆತ್ತಿ, ಮಡ್‌ಗಾರ್ಡಿನೊಳಗೆ ತುಂಬಿ, ಬೈಕು ಕಚ್ಚಿಕೊಂಡು ನಿಂತಿತು. ಕಡ್ಡಿಯಿಂದ ಕೆರೆದೆ, ಕೈಯಿಂದ ಬಗೆದೆ, ಬಾಯಿಗೆ ಬಂದಂತೆ ಬೈದೆ. ಎರೆಮಣ್ಣಿಗೆ ಬೈಗುಳ ತಾಗುವುದಿಲ್ಲ. ಹಳ್ಳದಲ್ಲಿ ರಾಡಿ ನೀರು ಬಂದಾಗಿತ್ತು. ಯಂತ್ರವನ್ನು ಹೆಗಲಿಗೆ ಹಾಕಿಕೊಂಡು ತಿರುಗಿ ದಿಬ್ಬ ಹತ್ತಿದೆ.

ಅವಳು ಕಂಬಳಿ ನೇಯುವ ಕೋಣೆಯ ಬೀಗ ತೆಗೆದುಕೊಟ್ಟಳು. ಒಂಬತ್ತು ಮನೆಗಳ ಲೆಕ್ಕಕ್ಕೆ ಸೇರದ, ಊರಿಗೆಲ್ಲ ಸೇರಿದ ಕೋಣೆ ಅದು. ಒಳಗೆ ಬಿಚ್ಚಿಟ್ಟ ಮಗ್ಗ, ಉಣ್ಣೆಯ ವಾಸನೆ. ತಲೆ ಒರೆಸಿಕೊಂಡು ಬಾಗಿಲಲ್ಲಿ ಕೂತೆ. ಹೊತ್ತು ಮುಳುಗುತ್ತಿತ್ತು. ಆಗ ಅವಳು ತನ್ನ ಮನೆಯಿಂದ ಹೊರಬಂದಳು. ಒಂದು ಕೈಯಲ್ಲಿ ಬುಟ್ಟಿ, ಅದರಲ್ಲಿ ಎಣ್ಣೆಯ ಸಣ್ಣ ಬಾಟಲಿಗಳು. ಮೊದಲ ಮನೆಯ ಮುಂದೆ ನಿಂತು, ಗೊಂಚಲಿನಲ್ಲಿ ಬೀಗದ ಕೈ ಹುಡುಕಿ, ಬಾಗಿಲು ತೆಗೆದಳು. ಒಳಗೊಂದು ದೀಪ ಹಚ್ಚಿದಳು. ಆಮೇಲೆ ಬಾಗಿಲ ಪಕ್ಕದ ಗೋಡೆಯ ಗೂಡಿನಂಥ ಮಾಡದಲ್ಲಿ ಇನ್ನೊಂದು ಪಣತಿ ಇಟ್ಟು, ಕೈ ಮುಗಿದು, ಮುಂದಿನ ಮನೆಗೆ ಹೋದಳು. ಹೀಗೆ ಕೊನೆಯ ಮನೆಯ ತನಕ. ಯಾರೂ ಇಲ್ಲದ ಮನೆಗಳು ಒಂದೊಂದಾಗಿ ಬೆಳಕಾದವು.

"ಇದಕ್ಕೇ ಒಬ್ರು ಉಳಿಯೋದು" ಎಂದಳು, ರೊಟ್ಟಿ ಮತ್ತು ಪುಂಡಿಪಲ್ಯೆ ತಂದಿಡುತ್ತಾ. "ಹೋಗೋರು ತಮ್ತಮ್ಮ ಪಾಲಿನ ಎಣ್ಣಿ ಇಟ್ಟು ಹೋಗ್ತಾರ. ಯಾರ ಎಣ್ಣಿ ಅವರ ಮನಿಗೇ. ಗುರುತಿಗೆ ಬಾಟ್ಲಿ ಕುತ್ತಿಗಿಗೆ ಉಣ್ಣಿ ದಾರ ಕಟ್ಟೀವಿ ನೋಡ್ರಿ, ಕರಿದು, ಬಿಳಿದು, ಕಂದು. ದೀಪ ಕಾಣದ ಮನಿ ಹಾಳು ಬಿತ್ತು ಅಂತ ಲೆಕ್ಕ. ಹಾಳು ಬಿದ್ದ ಮನಿಗೆ ಯಾರು ತಿರುಗಿ ಬರ್ತಾರ?"

ಪಟ್ಟಿಯಲ್ಲಿದ್ದ ಆ ಪದ ಆಗ ನೆನಪಾಯಿತು. ನಮ್ಮ ಮನೆಯ ಮಾತು ಉರ್ದು. ದಿನಾ ಸಂಜೆ ಅಮ್ಮ ಒಳಗಿಂದ ಕೂಗುತ್ತಿದ್ದದ್ದು, "ಚಿರಾಗ್ ಲಗಾ ರೇ ಬೇಟಾ." ದೀಪ ಹಚ್ಚೋ ಮಗನೇ. ಬೇ ಅಂದರೆ ಇಲ್ಲದ್ದು, ಚಿರಾಗ್ ಅಂದರೆ ದೀಪ. ಬೇಚಿರಾಗ್, ದೀಪವಿಲ್ಲದ ಊರು. ಇಷ್ಟು ವರ್ಷ ಅದೇ ಪದವನ್ನು ಬೇಚರಾಕ್ ಬೇಚರಾಕ್ ಎಂದು ಎಷ್ಟು ಊರುಗಳಿಗೆ ಹೇಳಿಲ್ಲ ನಾನು! ಅದು ನನ್ನದೇ ಮನೆಯ ಮಾತೆಂದು ಒಮ್ಮೆಯೂ ಹೊಳೆದಿರಲಿಲ್ಲ. ಪಟ್ಟಿಯಲ್ಲಿ ಏನು ಬರೆದಿದೆ ಎಂದು ಅವಳಿಗೆ ಹೇಳಲಿಲ್ಲ.

"ನಿಮ್ಮನಿಗೆ ಯಾರು ಹಚ್ತಾರ್ರಿ, ನೀವು ಹಿಂಗ ಹೊರಗ ಇದ್ದಾಗ?" ಎಂದು ಕೇಳಿದಳು.

"ಯಾರೂ ಇಲ್ಲಕ್ಕಾ. ಬೀಗ."

ಅವಳು ಎದ್ದು ಹೋಗಿ ತನ್ನ ಬಾಟಲಿಯಿಂದಲೇ ಎಣ್ಣೆ ಹಾಕಿದ ಒಂದು ಪಣತಿ ತಂದು, ನಾನಿದ್ದ ಮಗ್ಗದ ಕೋಣೆಯ ಮಾಡದಲ್ಲಿ ಇಟ್ಟು ಹೋದಳು. ಆ ಹೊತ್ತು ನನಗೆ ಅಮ್ಮ ತೀರಿದ ದಿನಕ್ಕಿಂತ ಹೆಚ್ಚು ಅಳು ಬಂತು.

ಬೆಳಿಗ್ಗೆ ಮಳೆ ನಿಂತಿತ್ತು, ದಾರಿ ಒಣಗಿರಲಿಲ್ಲ. ಸುಮ್ಮನೆ ಕೂರುವ ಬದಲು ಮಟ್ಟವನ್ನಾದರೂ ನೋಡೋಣ ಎಂದುಕೊಂಡೆ. ಕೋಲು ಹಿಡಿಯುವವರು ಬೇಕಲ್ಲ? "ನಾನು ಹಿಡೀತೀನಿ ತಗೋರಿ, ಅದೇನು ಬ್ರಹ್ಮವಿದ್ಯಾ?" ಎಂದು ಅವಳೇ ಮುಂದೆ ಬಂದಳು.

ರಸ್ತೆಯ ಸೇತುವೆಯ ಕಟ್ಟೆಯ ಮೇಲೆ ನಮ್ಮವರು ಬಣ್ಣದಲ್ಲಿ ಬರೆದ ಮಟ್ಟದ ಗುರುತಿತ್ತು. ಅಲ್ಲಿಂದ ಶುರು ಮಾಡಿ ದಿಬ್ಬದ ತನಕ ಬರಬೇಕು. ಹಳ್ಳದ ನೀರು ಅಷ್ಟರಲ್ಲಿ ಮೊಣಕಾಲಿಗೆ ಇಳಿದಿತ್ತು, ಬೈಕು ದಾಟದಿದ್ದರೂ ನಾವು ದಾಟಿದೆವು. ಯಂತ್ರವನ್ನು ಒಂದು ಕಡೆ ನಿಲ್ಲಿಸಿ ಹಿಂದಿನ ಜಾಗದಲ್ಲಿ ಕೋಲು ಓದುವುದು, ಆಮೇಲೆ ಮುಂದಿನ ಜಾಗದಲ್ಲಿ ಓದುವುದು, ಯಂತ್ರವನ್ನು ಎತ್ತಿ ಮುಂದೆ ಸಾಗುವುದು. ಹಸಿ ಎರೆಯಲ್ಲಿ ಮುಕ್ಕಾಲಿ ಹೂತುಹೋಗುತ್ತಿತ್ತು. ಯಂತ್ರದ ಮಟ್ಟ ತೋರಿಸುವ ನೀರ್ಗುಳ್ಳೆ ನೋಡನೋಡುತ್ತಲೇ ಸರಿಯುತ್ತಿತ್ತು. ಪ್ರತಿ ಸಲವೂ ಕಾಲುಗಳ ಕೆಳಗೆ ಚಪ್ಪಡಿ ಕಲ್ಲು ಕೊಡಬೇಕಾಯಿತು. ಅವಳೋ, ನಾನು ಕೋಲನ್ನು ಎಡಕ್ಕೆ ವಾಲಿಸು ಎಂದು ಕೈ ಬೀಸಿದರೆ ಕರೆದೆನೆಂದು ತಿಳಿದು ಕೋಲು ಹೊತ್ತುಕೊಂಡು ಓಡಿ ಬರುತ್ತಿದ್ದಳು.

"ಅಲ್ಲೇ ಇರಕ್ಕಾ, ಬರಬ್ಯಾಡ!"

"ಕರದ್ರಲ್ಲ ಮತ್ತ!"

ದಾರಿಯುದ್ದಕ್ಕೂ ತೊಗರಿ ಗಿಡ ಎದೆಯೆತ್ತರ. ಕೋಲು ಗಿಡಗಳ ಮರೆಗೆ ಬಿದ್ದು ಸರಿಯಾಗಿ ಕಾಣದಿದ್ದಾಗೆಲ್ಲ ನಾನು ಕೂಗುತ್ತಿದ್ದೆ, "ಅಕ್ಕಾ, ಎತ್ತಿ ಹಿಡಿ!" ನಮ್ಮ ಕೋಲಿನವನಿಗೆ ಈ ಮಾತು ಸಾಕು. ಕೋಲನ್ನು ವಾಲಿಸದೆ ನೆಟ್ಟಗೆ ನಿಲ್ಲಿಸುತ್ತಾನೆ. ಅವಳೂ ಏನೋ ಮಾಡಿದಳು, ಅಂಕಿ ಚೆನ್ನಾಗಿ ಕಂಡಿತು, ಬರೆದುಕೊಂಡೆ.

ದಿಬ್ಬ ತಲುಪಿ ಲೆಕ್ಕ ಹಾಕಿದೆ. ಎರೆಮಟ್ಟಿ ನಾನೆಣಿಸಿದ್ದಕ್ಕಿಂತ ಬಹಳ ಎತ್ತರದಲ್ಲಿತ್ತು. ನಮ್ಮ ಟ್ಯಾಂಕಿನ ನೀರು ತಾನಾಗಿ ಇಲ್ಲಿಗೆ ಏರುವ ಮಾತೇ ಇಲ್ಲ. ಪಂಪು ಬೇಕು, ಪಂಪಿಗೆ ಕರೆಂಟು ಬೇಕು, ಕರೆಂಟು ಹಳ್ಳದ ಆಚೆ. ಜನವೇ ಇಲ್ಲದ ಊರಿಗೆ ಅಷ್ಟೆಲ್ಲ ಯಾರು ಮಾಡುತ್ತಾರೆ? ಬೇವಿನ ಮರದ ಬುಡದಲ್ಲಿ ಮಾತ್ರ ಸಿಗ್ನಲ್ ಸಿಗುತ್ತಿತ್ತು. ಅಲ್ಲಿ ನಿಂತು ಇಂಜಿನಿಯರಿಗೆ ಹೇಳಿದೆ.

"ನೋಡಿದ್ಯಾ? ಜನಾನೂ ಇಲ್ಲ, ನೀರೂ ಏರಲ್ಲ. ಮುಗೀತಲ್ಲ. ಮಣ್ಣು ಆರಿದ ಕೂಡಲೇ ಹೊರಡು" ಎಂದರು.

ಅವಳು ಸ್ವಲ್ಪ ದೂರದಲ್ಲಿ ಕೋಲನ್ನು ಎದೆಗೆ ಒರಗಿಸಿಕೊಂಡು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. "ಬರಂಗಿಲ್ಲೇನ್ರಿ?" ಎಂದಳು. ಏರುವುದಿಲ್ಲ ಎಂದೆ. ಅವಳು ಕೋಲಿಗೆ ಮೆತ್ತಿದ ಮಣ್ಣನ್ನು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟು ಕಟ್ಟಿಗೆಗೆ ಹೋದಳು. ಸಂಜೆ ಎಂದಿನಂತೆ ದೀಪ ಹಚ್ಚಿದಳು. ಅಣ್ಣನ ಮನೆಯ ಮುಂದೆ ಮಾತ್ರ ಬಹಳ ಹೊತ್ತು ನಿಂತಿದ್ದಳು.

ನಾನು ಮನಸ್ಸು ಮಾಡಿದ್ದರೆ ಹೊರಡಬಹುದಿತ್ತು. ಮರುದಿನ ದಾರಿ ಗಾಡಿ ಹೋಗುವಷ್ಟು ಗಟ್ಟಿಯಾಗಿತ್ತು, ಕೈಬಿಡಲು ಒಂದಲ್ಲ ಎರಡು ಕಾರಣ ಕೈಯಲ್ಲಿದ್ದವು. ಆದರೆ ಮಟ್ಟದ ಕೆಲಸದಲ್ಲಿ ಒಂದು ನಿಯಮವಿದೆ. ಹೊರಟ ಗುರುತಿಗೇ ವಾಪಸು ಅಳೆದುಕೊಂಡು ಬರಬೇಕು, ಮೊದಲಿನ ಅಂಕಿಯೇ ಸಿಗಬೇಕು. ಸಿಗದಿದ್ದರೆ ನಡುವೆ ಎಲ್ಲೋ ತಪ್ಪಿದ್ದೇವೆ ಎಂದರ್ಥ. ಕೆಲಸ ಕೈಬಿಡುವ ಊರಿಗೆ ಯಾರೂ ವಾಪಸು ಅಳೆಯುವುದಿಲ್ಲ. ನನಗೆ ಮಾತ್ರ ಆ ದೀಪಗಳನ್ನು ನೋಡಿದ ಮೇಲೆ ಅರ್ಧ ಅಳತೆ ಬಿಟ್ಟು ಹೋಗಲು ಮನಸ್ಸು ಒಪ್ಪಲಿಲ್ಲ. "ಇನ್ನೊಂದು ಸಲ ಕೋಲು ಹಿಡೀತೀಯೇನಕ್ಕಾ?" ಎಂದೆ. ಅವಳು ಆಗಲೇ ಕೋಲಿಗೆ ಕೈ ಹಾಕಿದ್ದಳು.

ವಾಪಸು ಅಳೆದು ಸೇತುವೆ ಮುಟ್ಟಿದೆವು. ಅಂಕಿ ಕೂಡಲಿಲ್ಲ. ಕೂಡಲಿಲ್ಲ ಅಂದರೆ ಕೂದಲೆಳೆಯಷ್ಟು ಅಲ್ಲ, ಸೇತುವೆಯೇ ಗಾಳಿಯಲ್ಲಿ ಎದ್ದು ನಿಂತಷ್ಟು ವ್ಯತ್ಯಾಸ. ಯಂತ್ರ ಕೆಟ್ಟಿದೆಯೇ ಎಂದು ಪರೀಕ್ಷಿಸಿದೆ, ಸರಿಯಾಗಿತ್ತು. ಕೂಡಿಸುವುದರಲ್ಲಿ ತಪ್ಪಿದೆನೇ ಎಂದು ನೋಡಿದೆ, ಇಲ್ಲ. ತಲೆ ಕೆಟ್ಟು, ಯಂತ್ರವನ್ನು ಅಲ್ಲೇ ಬಿಟ್ಟು ಅವಳನ್ನು ಪಕ್ಕದ ತೊಗರಿ ಹೊಲದೊಳಗೆ ಕರೆದುಕೊಂಡು ಹೋಗಿ, "ನಿನ್ನೆಯಿಂದ ಹೆಂಗ ಹಿಡಿದೆ, ಈಗ ಹಂಗೇ ಹಿಡಿ ನೋಡೋಣ" ಎಂದೆ.

"ಎತ್ತಿ ಹಿಡಿ ಅಂದಾಗೇನು, ಅನ್ನದಾಗೇನು?"

"ಎತ್ತಿ ಹಿಡಿ ಅಂದಾಗ."

ಅವಳು ಹಲ್ಲು ಕಚ್ಚಿ, ಕೋಲನ್ನು ನೆಲದಿಂದ ಮೊಳದಷ್ಟು ಮೇಲಕ್ಕೆ ಎತ್ತಿ, ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು ನಿಂತಳು. ತೋಳುಗಳು ನಡುಗುತ್ತಿದ್ದವು.

"ಅಯ್ಯೋ ಯಕ್ಕಾ, ನೆಲಕ್ಕ ಊರಬೇಕು ಅದನ್ನ!"

"ನೀವ ಅಂದ್ರಲ್ಲ ಎತ್ತಿ ಹಿಡಿ ಅಂತ! ಎರಡು ದಿನದಿಂದ ರಟ್ಟಿ ಬಿದ್ದು ಹೋಗ್ಯಾವ ನಂದು!"

ಇಬ್ಬರೂ ಹೊಲದ ನಡುವೆ ನಿಂತು ನಕ್ಕೆವು. ಆ ಹೊಲಗಳಲ್ಲಿ ಎಷ್ಟೋ ದಿನದ ನಂತರ ಯಾರೋ ಹಾಗೆ ನಕ್ಕಿರಬೇಕು, ನಾಯಿ ಗಾಬರಿಯಾಗಿ ಬೊಗಳಿತು. ಮುಂದಿನ ಓದಿಗೆ ನಾನು ಕೂಗಿದಾಗ ಎತ್ತಿ ಹಿಡಿಯುತ್ತಿದ್ದಳು, ಆಮೇಲೆ ಅದೇ ಜಾಗದ ಹಿಂದಿನ ಓದಿಗೆ ದಣಿದು ನೆಲಕ್ಕೆ ಊರುತ್ತಿದ್ದಳು. ಹಾಗಾಗಿ ನಾನು ಮುಂದೆ ಸಾಗಿದಂತೆಲ್ಲ ನನ್ನ ಲೆಕ್ಕದಲ್ಲಿ ಎರೆಮಟ್ಟಿ ಮೊಳ ಮೊಳವಾಗಿ ಮೇಲೇರಿತ್ತು. ಊರನ್ನು ಅಷ್ಟು ಎತ್ತರಕ್ಕೆ ಏರಿಸಿದ್ದು ಅವಳ ರಟ್ಟೆ.

ಮತ್ತೆ ಮೊದಲಿನಿಂದ ಅಳೆದೆವು. ಈ ಸಲ "ಊರಿ ಹಿಡಿ" ಎಂದೆ. ಹೋದದ್ದೂ ಬಂದದ್ದೂ ಕೂಡಿತು. ಬಂಡಿದಾರಿಯ ಗುಂಟ ನೇರ ಬಂದರೆ ನಡುವೆ ಒಂದು ದಿಣ್ಣೆ ಅಡ್ಡ ಬರುತ್ತಿತ್ತು. ಹಳ್ಳದ ದಂಡೆ ಹಿಡಿದು ಸುತ್ತಿ ಬಂದರೆ ಟ್ಯಾಂಕಿನ ನೀರು ತಾನಾಗಿ ದಿಬ್ಬಕ್ಕೆ ಏರುತ್ತಿತ್ತು. ಒತ್ತಡ ಜಾಸ್ತಿ ಇಲ್ಲ, ಆದರೆ ಒಂದು ಸಣ್ಣ ತೊಟ್ಟಿ ತುಂಬಲು ಸಾಕು.

ಇನ್ನುಳಿದದ್ದು ಆ ಪದ. ಸಂಜೆ ಹೊತ್ತು ಮುಳುಗಿದಾಗ ಹಳ್ಳದ ಈಚೆ ನಿಂತು, ದೀಪಗಳೆಲ್ಲ ಹತ್ತಿದ ಮೇಲೆ ಊರಿನ ಫೋಟೊ ತೆಗೆದೆ. ಬೇವಿನ ಮರದ ಕೆಳಗೆ ಹೋಗಿ ಇಂಜಿನಿಯರಿಗೆ ಕಳಿಸಿ ಫೋನು ಮಾಡಿದೆ.

"ಬೀಗ ಬಿದ್ದಿತ್ತು ಅಂದ್ಯಲ್ಲ, ಜನ ಎಲ್ಲಿಂದ ಬಂದ್ರು?"

"ಜನ ಬಂದಿಲ್ಲ ಸಾರ್. ಒಬ್ಬಾಕಿ ಇದ್ದಾಳೆ, ಎಲ್ಲ ಮನೆಗೂ ಅವಳೇ ಹಚ್ಚೋದು. ಉಳಿದೋರು ಕುರಿ ಹಿಂದೆ ಹೋಗಿದಾರೆ, ಬರ್ತಾರೆ." ಉಸಿರು ತೆಗೆದುಕೊಂಡು ಮುಂದುವರಿಸಿದೆ. "ಬೇಚರಾಕ್ ಅಂದ್ರೆ ದೀಪ ಇಲ್ಲದ್ದು ಅಂತ ಅರ್ಥ ಸಾರ್, ಅದು ನಮ್ಮ ಮನೆ ಮಾತು. ಈ ಊರಲ್ಲಿ ದೀಪ ಐತೆ. ನಾನು ಹಂಗೆ ಬರೆಯೋನಲ್ಲ."

ಬೈಸಿಕೊಳ್ಳಲು ತಯಾರಾದೆ.

"ನಾನೇನು ಕವಿಗೋಷ್ಠಿಗೆ ಕಳಿಸಿದ್ನೇನಯ್ಯಾ ನಿನ್ನ?" ಎಂದರು. ಆಮೇಲೆ, "ನೀರು ಏರ್ತತಾ? ಅದು ಹೇಳು."

"ಏರ್ತತೆ ಸಾರ್. ಮೊದಲಿನ ಅಳತೆ ತಪ್ಪಿತ್ತು. ಪಂಪು ಬೇಡ."

"ಪಂಪು ಬೇಡ ಅಂದ್ರೆ ನೋಡೋಣ. ಇರೋದನ್ನ ಇದ್ದಂಗೆ ಬರಿ, ಒಬ್ಬಾಕೆ ಅಂತಾನೇ ಬರಿ. ಫೋಟೊನೂ ಹಾಕು."

ಅವಳಿಗೆ ನಾನು ಆಸೆ ಹುಟ್ಟಿಸುವಂಥದ್ದೇನೂ ಹೇಳಲಿಲ್ಲ. ಬೆಳಿಗ್ಗೆ ಹೊರಟಾಗ ಹಳ್ಳದ ತನಕ ಬಂದಳು. ಗಾಡಿ ಏರು ಹತ್ತಿ ತಿರುಗುವವರೆಗೂ ನಾಯಿಯ ಜೊತೆ ಅಲ್ಲೇ ನಿಂತಿದ್ದಳು.

ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಕಡೆಯ ಬೇರೆ ಬೇರೆ ಕೆಲಸಗಳಲ್ಲಿ ಆ ವರ್ಷ ಕಳೆಯಿತು. ಮನೆಗೆ ಬಂದು ಕತ್ತಲಲ್ಲಿ ಬೀಗ ತಡಕುವಾಗೆಲ್ಲ ಆ ದಿಬ್ಬ ನೆನಪಾಗುತ್ತಿತ್ತು. ಮುಂದಿನ ಚಳಿಗಾಲದಲ್ಲಿ ಕವಲು ಪೈಪಿನ ಕೆಲಸ ಶುರುವಾಯಿತೆಂದು ಕರೆ ಬಂತು. ಹಳ್ಳದ ದಂಡೆಯಲ್ಲಿ ಪೈಪಿಗೆ ಕಾಲುವೆ ತೋಡುವವರಿಗೆ ಮಟ್ಟದ ಗೂಟ ನೆಡಬೇಕಿತ್ತು.

ನಾನು ಹಳ್ಳ ಮುಟ್ಟುವಾಗ ಸಂಜೆಯಾಗಿತ್ತು. ದಿಬ್ಬದ ಮೇಲೆ ದೀಪಗಳು ಹತ್ತಿದ್ದವು. ಅಭ್ಯಾಸಬಲದಿಂದ ಎಣಿಸಿದೆ. ಒಂಬತ್ತು ಮನೆಗೆ ಹತ್ತು ಬಂದವು. ತಪ್ಪಿರಬೇಕೆಂದು ಈ ಕೊನೆಯಿಂದ ಆ ಕೊನೆಗೆ ಮತ್ತೆ ಎಣಿಸಿದೆ. ಹತ್ತೇ.

ಮಂದೆಗಳು ಈ ಸಲವೂ ಹೋಗಿದ್ದವು. ಆದರೆ ಅಣ್ಣನ ಹೆಂಡತಿ ಮಕ್ಕಳೊಂದಿಗೆ ಊರಲ್ಲೇ ಉಳಿದಿದ್ದಳು, ಪೈಪು ಬರುತ್ತದೆಂದು. ಆ ಒಂದು ಮನೆಯಲ್ಲಿ ಮಗುವಿನ ಸದ್ದಿತ್ತು, ಒಲೆಯ ಹೊಗೆ ಇತ್ತು. ಉಳಿದ ಮನೆಗಳು ಮೊದಲಿನಂತೆಯೇ ದೀಪ ಹೊತ್ತು ಸುಮ್ಮನಿದ್ದವು. ಹತ್ತನೆಯದು ಮಗ್ಗದ ಕೋಣೆಯ ಮಾಡದಲ್ಲಿತ್ತು. ಮಾಡದ ಮೇಲ್ಭಾಗ ದಟ್ಟವಾಗಿ ಕಪ್ಪಾಗಿತ್ತು. ಒಂದೆರಡು ದಿನ ಹಚ್ಚಿದರೆ ಅಷ್ಟು ಮಸಿ ಕಟ್ಟುವುದಿಲ್ಲ.

"ಇಲ್ಲಿ ಯಾರಿದಾರಕ್ಕಾ?" ಎಂದೆ.

"ಯಾರದಾರ? ಬಾಗ್ಲ ಹಾಕ್ಯಂಡು ಹ್ವಾದೋರಿಗೆಲ್ಲಾ ಹಚ್ಚೂದು ಐತಿ, ನಿಮಗೊಬ್ಬರಿಗೆ ಬಿಡ್ಲೇನು?" ಎಂದು ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡಳು. "ಆದ್ರ ಸಾಬ್ರ, ಎಲ್ಲಾರೂ ಎಣ್ಣಿ ಇಟ್ಟು ಹೋಗ್ತಾರ. ನೀವು ಹಂಗೇ ಹ್ವಾದ್ರಿ. ಒಂದು ವರ್ಷ ಪೂರಾ ನನ್ನ ಬಾಟ್ಲಿದಾಗಿಂದೇ ಹಾಕೀನಿ."

ಮರುದಿನ ಗೂಟ ನೆಡುವ ಮೊದಲೇ ಇಟ್ಟಿಗಿಗೆ ಹೋಗಿ ಒಂದು ಬಾಟಲಿ ಎಣ್ಣೆ ತಂದೆ. ಅವಳ ಮನೆಯೊಳಗೆ ಗೋಡೆ ಬದಿಗೆ ಬಾಟಲಿಗಳ ಸಾಲಿತ್ತು, ಕುತ್ತಿಗೆಗೆ ಕರಿ, ಬಿಳಿ, ಕಂದು ಉಣ್ಣೆ ದಾರ. ನನ್ನದನ್ನು ಕೊನೆಗೆ ಇಟ್ಟೆ.

"ಗುರುತು ಕಟ್ರಿ, ಇಲ್ಲಂದ್ರ ಕಲಸಿ ಹೋಗ್ತೈತಿ" ಎಂದಳು.

ಜೇಬಿನಲ್ಲಿ ಸರ್ವೆ ಗೂಟಕ್ಕೆ ಕಟ್ಟುವ ಕೆಂಪು ಪಟ್ಟಿ ಇತ್ತು. ಅದನ್ನೇ ಹರಿದು ಬಾಟಲಿಗೆ ಬಿಗಿದೆ.